ಪುಟ್ಟ ಪದಗಳ ದೊಡ್ಡ ಸಂಸಾರ

ನಮ್ಮ ದೇಶದ ಪಾಸ್‌ಪೋರ್ಟಿನ ಒಳಗೆ, ರಾಷ್ಟ್ರಪತಿಗಳ ಹೆಸರಿನಲ್ಲಿ ಹೊರನಾಡಿನವರಿಗೆ ಮಾಡಿದ ಒಂದು ಕೋರಿಕೆ ಅಚ್ಚಾಗಿರುತ್ತದೆ. ಈ ಪುಸ್ತಕವನ್ನು ಹಿಡಿದು ಬರುವವರನ್ನು ಯಾವ ಅಡ್ಡಿಯೂ ಇಲ್ಲದೆ ಹೋಗಗೊಡಬೇಕು, ಅವರಿಗೆ ಬೇಕಾಗಬಹುದಾದ ನೆರವನ್ನೂ ರಕ್ಷಣೆಯನ್ನೂ ನೀಡಬೇಕು ಎಂಬುದು ಅದರ ತಾತ್ಪರ್ಯ. ಆ ಕೋರಿಕೆಯ ಇಂಗ್ಲಿಷ್ ಪಾಠದಲ್ಲಿ ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಎಂಬ ಮಾತು ಬರುತ್ತದೆ. ‘ಹಿಂಡ್ರೆನ್ಸ್’ ಎಂದರೆ ಅಡ್ಡಿ, ಇದರಲ್ಲಿ ತೊಡಕಿಲ್ಲ. ‘ವಿದೌಟ್’ ಎಂದರೆ ಇಲ್ಲದೆ, ಇದರಲ್ಲಿಯೂ ತೊಡಕಿಲ್ಲ. ನಡುವೆ ಕುಳಿತಿರುವ ಆ ‘ಲೆಟ್’ ಏನು? ಮಾಧ್ಯಮಿಕ ಶಾಲೆಯ ಹುಡುಗನನ್ನು ಕೇಳಿದರೂ ‘ಬಿಡು’, ‘ಅವಕಾಶ ಕೊಡು’ ಎಂದು ಥಟ್ಟನೆ ಹೇಳಿಯಾನು. ಆ ಅರ್ಥವನ್ನೇ ಇಲ್ಲಿ ಹಚ್ಚಿದರೆ, ನಮ್ಮ ಪ್ರಯಾಣಿಕನನ್ನು ಬಿಡದೆಯೂ ತಡೆಯದೆಯೂ ಕಳುಹಿಸಿಕೊಡಿ ಎಂದು ಭಾರತ ಸರ್ಕಾರವೇ ಬೇಡಿಕೊಂಡಂತಾಗುತ್ತದೆ! ಗಡಿಯ ಬಾಗಿಲಲ್ಲಿ ನಿಂತ ಅಧಿಕಾರಿ, ಪಾಪ, ಏನು ಮಾಡಬೇಕು?

ಸಂಗತಿಯೇನೆಂದರೆ, ಇಂಗ್ಲಿಷಿನಲ್ಲಿ ‘ಲೆಟ್’ ಒಂದಲ್ಲ, ಎರಡು. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಲ್ಯಾಟನ್’ ಎಂಬ ಕ್ರಿಯಾಪದಕ್ಕೆ ಬಿಡುವುದು ಎಂದು ಅರ್ಥ. ‘ಲೆಟ್ಟನ್’ ಎಂಬ ಬೇರೊಂದು ಕ್ರಿಯಾಪದಕ್ಕೆ ತಡೆಯುವುದು ಎಂದು ಅರ್ಥ. ಕಾಲಕ್ರಮದಲ್ಲಿ ಇವೆರಡರ ತುದಿಗಳೂ ಸವೆದು, ಎರಡೂ ‘ಲೆಟ್’ ಎಂಬ ಒಂದೇ ರೂಪಕ್ಕೆ ಬಂದು ನಿಂತುವು. ಒಂದೇ ಶಬ್ದ ಬಿಡು ಎಂದೂ ತಡೆ ಎಂದೂ ಏಕಕಾಲದಲ್ಲಿ ಹೇಳತೊಡಗಿದರೆ ಸಂಸಾರ ನಡೆದೀತೆ? ಆದುದರಿಂದ ತಡೆಯೆಂಬ ಅರ್ಥದ ‘ಲೆಟ್’ ಮೆಲ್ಲಮೆಲ್ಲನೆ ಹಿಂದೆ ಸರಿಯಿತು. ಈಗ ಅದು ಉಳಿದಿರುವುದು ಕಾನೂನಿನ ಕಾಗದಗಳಲ್ಲಿ, ಪಾಸ್‌ಪೋರ್ಟಿನಲ್ಲಿ, ಮತ್ತೆ ಟೆನಿಸ್ ಅಂಕಣದಲ್ಲಿ. ಸರ್ವಿಸ್ ಮಾಡಿದ ಚೆಂಡು ಬಲೆಯನ್ನು ಸವರಿಕೊಂಡು ಆಚೆ ಸರಿಯಾದ ಜಾಗದಲ್ಲೇ ಬಿದ್ದರೆ ‘ಲೆಟ್’ ಎಂದು ಸಾರಿ ಮತ್ತೆ ಆಡಿಸುತ್ತಾರಲ್ಲ, ಅಲ್ಲಿರುವುದು ಈ ಹಳೆಯ ‘ಲೆಟ್ಟನ್’ ಸಂತಾನವೇ: ಚೆಂಡಿಗೆ ತಡೆಯಾಯಿತು ಎಂದು ಅರ್ಥ.

ನಾವು ಇಂಗ್ಲಿಷು ಕಲಿಯುವಾಗ ಹೆದರುವುದು ಉದ್ದುದ್ದ ಶಬ್ದಗಳಿಗೆ. ಈ ಹೆದರಿಕೆ ತೀರ ಅಸ್ಥಾನದ್ದು. ‘ಹಿಪಪಾಟಮಸ್’ ಎಂಬ ಶಬ್ದದ ಕಾಗುಣಿತವನ್ನು ಒಮ್ಮೆ ಬಾಯಿಪಾಠ ಮಾಡಿಬಿಟ್ಟರೆ ಮುಗಿಯಿತು. ಇಂದು ಅದು ನೀರಾನೆ, ನಾಳೆಯೂ ನೀರಾನೆ. ‘ಥರ್ಮಾಮೀಟರ್’ ಎಂಬುದು ಜ್ವರ ಬಂದ ಮನೆಯಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ಒಂದೇ. ಇವು ಒಂದೇ ಕಸುಬಿನ ಜನ. ನಂಬಬಹುದು. ನಂಬಲಾಗದವರು ‘ಸೆಟ್’, ‘ರನ್’, ‘ಪುಟ್’, ‘ಟೇಕ್’, ‘ಗೆಟ್’, ‘ಹ್ಯಾವ್’ ಮುಂತಾದ ಮೂರು ನಾಲ್ಕು ಅಕ್ಷರದ ಸಾಧುಗಳು. ಮೊದಲನೆಯ ತರಗತಿಯ ಪುಸ್ತಕದಲ್ಲೇ ಪರಿಚಯವಾಗಿ, ಎಂ.ಎ. ತರಗತಿಯನ್ನು ದಾಟಿದ ಮೇಲೂ ತಮ್ಮ ಪೂರ್ತಿ ಪರಿಚಯವನ್ನು ಕೊಡದವರು ಇವರು.

ಇವುಗಳ ಸಂಸಾರ ಎಷ್ಟು ದೊಡ್ಡದೆಂಬುದನ್ನು ಅರಿಯಬೇಕಾದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ತೆರೆಯಬೇಕು. ಜೇಮ್ಸ್ ಮರ್ರೆ ಎಂಬ ವಿದ್ವಾಂಸ ೧೮೭೯ರಲ್ಲಿ ಅದರ ಸಂಪಾದಕತ್ವವನ್ನು ವಹಿಸಿಕೊಂಡ. ಮೊದಲ ಸಂಚಿಕೆ ೧೮೮೪ರಲ್ಲಿ ಹೊರಬಂದಿತು. ಮರ್ರೆ ೧೯೧೫ರಲ್ಲಿ ತೀರಿಕೊಂಡಾಗಲೂ ಕೆಲಸ ಮುಗಿದಿರಲಿಲ್ಲ. ಕೊನೆಯ ಸಂಚಿಕೆ ಅಚ್ಚಾದದ್ದು ೧೯೨೮ರಲ್ಲಿ. (ನಮ್ಮ ಕಿಟೆಲರ ಕನ್ನಡ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಇಡಿಯಾಗಿ ಅಚ್ಚಾದಾಗ, ಆಕ್ಸ್‌ಫರ್ಡಿನ ಪಂಡಿತರು ಇನ್ನೂ ತಮ್ಮ ಮೊದಲ ಐದಾರು ಅಕ್ಷರಗಳಲ್ಲೇ ಇದ್ದರೆಂಬುದನ್ನು ನಾವು ಸ್ವಲ್ಪ ಹೆಮ್ಮೆಯಿಂದಲೇ ನೆನೆಯಬಹುದು.) ಆ ನಿಘಂಟಿನ ೧೯೮೯ರ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘವಾದ ನಮೂದು ಯಾವ ಶಾಸ್ತ್ರೀಯ ಶಬ್ದದ್ದೂ ಅಲ್ಲ, ‘ಸೆಟ್’ ಎಂಬ ಕ್ರಿಯಾಪದದ್ದು: ೪೩೦ರಷ್ಟು ಅರ್ಥಗಳು, ಅವುಗಳ ವಿವರಣೆಗೆ ಸುಮಾರು ೬೦,೦೦೦ ಪದಗಳು. ಒಂದು ಸಾಧಾರಣ ಕಾದಂಬರಿಯಷ್ಟು! ಮೂರನೆಯ ಆವೃತ್ತಿಯ ಕೆಲಸ ನಡೆದಂತೆ ಈ ಪಟ್ಟ ಕೈಬದಲಾಯಿಸಿತು. ಪೀಟರ್ ಗಿಲಿವರ್ ಎಂಬ ಸಂಪಾದಕ ಒಂಬತ್ತು ತಿಂಗಳು ಕುಳಿತು ‘ರನ್’ ಕ್ರಿಯಾಪದಕ್ಕೆ ೬೪೫ ಅರ್ಥಗಳನ್ನು ಬಿಡಿಸಿಟ್ಟನೆಂದು ೨೦೧೧ರಲ್ಲಿ ಪತ್ರಿಕೆಗಳು ವರದಿ ಮಾಡಿದುವು. ಓಡುವುದೊಂದೇ ಕೆಲಸವೆಂದು ನಾವು ತಿಳಿದಿದ್ದ ಶಬ್ದ ಅದು.

ಆದರೆ ಗಾಬರಿಯಾಗುವ ಮೊದಲು ನಮ್ಮ ‘ಓಡು’ ಏನು ಮಾಡುತ್ತಿದೆ ಎಂಬುದನ್ನೂ ನೋಡೋಣ. ಹುಡುಗ ಓಡುತ್ತಾನೆ, ರೈಲು ಓಡುತ್ತದೆ, ಗಡಿಯಾರ ಗೋಡೆಯ ಮೇಲೆ ಇದ್ದ ಕಡೆಯೇ ಇದ್ದು ಓಡುತ್ತದೆ, ಚಲನಚಿತ್ರ ನೂರು ದಿನ ಓಡುತ್ತದೆ, ಪರೀಕ್ಷೆಯ ಹಾಲಿನಲ್ಲಿ ತಲೆ ಓಡುವುದಿಲ್ಲ. ಇವೆಲ್ಲಕ್ಕೂ ಇಂಗ್ಲಿಷಿನವನು ಬಹುಮಟ್ಟಿಗೆ ‘ರನ್’ ಎಂದೇ ಹೇಳಿಯಾನು. ಮುಂದೆ ಮಾತ್ರ ದಾರಿಗಳು ಕವಲೊಡೆಯುತ್ತವೆ. ಅವನ ಮೂಗು ಓಡುತ್ತದೆ, ನಮ್ಮದು ಸೋರುತ್ತದೆ. ಅವನ ಬಟ್ಟೆಯ ಬಣ್ಣ ಓಡುತ್ತದೆ, ನಮ್ಮದು ಬಿಡುತ್ತದೆ. ಅವನು ಚುನಾವಣೆಗೆ ಓಡುತ್ತಾನೆ, ನಾವು ನಿಲ್ಲುತ್ತೇವೆ. ಚುನಾವಣೆಗೆ ‘ನಿಲ್ಲುವ’ ವಿಚಾರದಲ್ಲಿ ಬ್ರಿಟಿಷರೂ ನಮ್ಮ ಪಕ್ಷವೇ ಎಂಬುದು ಬೇರೆ ಮಾತು; ಓಡುವವರು ಅಮೆರಿಕದವರು.

ಇನ್ನು ‘ಸೆಟ್’. ನಮ್ಮ ನಾಡಿನ ಹೋಟೆಲುಗಳಲ್ಲಿ ಒಂದು ತಟ್ಟೆಗೆ ಎರಡು ಮೂರು ದೋಸೆಗಳನ್ನಿಟ್ಟು ‘ಸೆಟ್ ದೋಸೆ’ ಎಂದು ಕೊಡುತ್ತಾರೆ. ಹಿಂದೆ ಮನೆಯ ನಡುಮನೆಯಲ್ಲಿ ‘ರೇಡಿಯೋ ಸೆಟ್’ ಇರುತ್ತಿತ್ತು. ಮದುವೆಯ ಉಡುಗೊರೆಯಾಗಿ ‘ಟೀ ಸೆಟ್’ ಬರುತ್ತದೆ. ಇಡುವುದು ಎಂಬ ಅರ್ಥದ ಆ ಹಳೆಯ ಕ್ರಿಯಾಪದವೇ ಇಲ್ಲಿಯೂ ಇದೆಯೆಂದು ತೋರುವುದು ಸಹಜ. ನಿಘಂಟುಕಾರರು ಬೇರೆಯೇ ಕಥೆ ಹೇಳುತ್ತಾರೆ. ಗುಂಪು ಎಂಬರ್ಥದ ‘ಸೆಟ್’ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಸೆಕ್ಟಾ’ ಎಂಬ ಶಬ್ದದಿಂದ ಬಂದದ್ದು; ಅದರ ಅರ್ಥ ಪಂಥ, ಅನುಯಾಯಿಗಳ ಸಮೂಹ. ಮತಪಂಥಕ್ಕೆ ಇಂಗ್ಲಿಷಿನವರು ಹೇಳುವ ‘ಸೆಕ್ಟ್’ ಎಂಬುದು ಇದರ ಒಡಹುಟ್ಟು. ಬಳಿಕ ಈ ‘ಸೆಟ್’, ಮನೆಯಲ್ಲೇ ಇದ್ದ ಇನ್ನೊಂದು ‘ಸೆಟ್ಟಿ’ನ ಜೊತೆ ಬೆರೆತುಹೋಯಿತು. ಹೀಗಾಗಿ ನಮ್ಮ ಸೆಟ್ ದೋಸೆಗೆ ಮತಪಂಥಗಳೊಂದಿಗೆ ದೂರದ ನಂಟಸ್ತಿಕೆ ಉಂಟು. ಹೋಟೆಲಿನವರಿಗೆ ಇದು ತಿಳಿಯದಿರುವುದೇ ಲೇಸು.

ಹಲವು ಅರ್ಥಗಳುಳ್ಳ ಪದಗಳಲ್ಲಿ ಹೀಗೆ ಎರಡು ಜಾತಿ. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಊರು ಸೇರಿ ಗುರುತು ಸಿಗದಂತಾಗುವುದು ಒಂದು ಬಗೆ. ಎಲ್ಲಿಯವರೋ ಆದ ಇಬ್ಬರು ಅಪರಿಚಿತರಿಗೆ ಆಕಸ್ಮಿಕವಾಗಿ ಒಂದೇ ಹೆಸರು ಬರುವುದು ಇನ್ನೊಂದು ಬಗೆ. ಕರಡಿ ಎಂಬರ್ಥದ ‘ಬೇರ್’ ಮತ್ತು ಹೊರು ಎಂಬರ್ಥದ ‘ಬೇರ್’ ಎರಡನೆಯ ಬಗೆಯವು. ನಮ್ಮಲ್ಲಿ ನೆರೆಯ ಮನೆ, ಹೊಳೆಯ ನೆರೆ, ತಲೆಯ ನೆರೆಗೂದಲು ಇಲ್ಲವೆ, ಹಾಗೆ. ಆದರೆ ಮೇಲುನೋಟಕ್ಕೆ ಅಪರಿಚಿತರೆಂದು ತೋರುವವರು ಎಷ್ಟೋ ಸಲ ದಾಯಾದಿಗಳಾಗಿರುತ್ತಾರೆ. ಹೊಳೆಯ ದಡವೂ ‘ಬ್ಯಾಂಕ್’, ಹಣವಿಡುವ ಕಡೆಯೂ ‘ಬ್ಯಾಂಕ್’. ಹಣದ ಬ್ಯಾಂಕು ಇಟಲಿಯಿಂದ ಬಂದದ್ದು. ಅಲ್ಲಿ ನಾಣ್ಯ ವಿನಿಮಯ ಮಾಡುವವರು ಕುಳಿತು ವ್ಯಾಪಾರ ನಡೆಸುತ್ತಿದ್ದ ಬೆಂಚಿಗೆ ‘ಬಾಂಕಾ’ ಎಂದು ಹೆಸರು. ದಡದ ಬ್ಯಾಂಕು ಉತ್ತರ ಯೂರೋಪಿನ ನಾವಿಕರ ಭಾಷೆಯಿಂದ ಬಂದದ್ದು. ಎರಡರ ಮುತ್ತಜ್ಜನೂ ಜರ್ಮನಿಕ್ ಕುಲದ ಒಂದೇ ಶಬ್ದ. ನಮ್ಮ ಶಾಲೆಯ ‘ಬೆಂಚು’ ಕೂಡ ಅದೇ ಮನೆತನದ್ದು.

ಒಂದೇ ತಾಯಿಯ ಮಕ್ಕಳ ಕಥೆಗೆ ‘ಚಾರ್ಜ್’ ಎಂಬ ಶಬ್ದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ. ಇದನ್ನು ವಿವರಿಸಲು ನಿಘಂಟೇ ಬೇಡ, ದಿನಪತ್ರಿಕೆ ಸಾಕು. ಬಸ್ಸಿನ ಚಾರ್ಜು ಏರಿತು. ಅದನ್ನು ಪ್ರತಿಭಟಿಸಿದವರ ಮೇಲೆ ಲಾಠಿ ಚಾರ್ಜು ನಡೆಯಿತು. ಮುಂದಾಳುಗಳ ಮೇಲೆ ಚಾರ್ಜ್‌ಶೀಟು ಸಲ್ಲಿಸಲಾಯಿತು. ಈ ನಡುವೆ ಹೊಸ ಅಧಿಕಾರಿಗಳು ಚಾರ್ಜು ವಹಿಸಿಕೊಂಡರು. ಇಷ್ಟನ್ನೂ ಓದುವಷ್ಟರಲ್ಲಿ ನಮ್ಮ ಕೈಯ ಫೋನಿನ ಚಾರ್ಜು ಮುಗಿಯಿತು. ಹಣ, ಹೊಡೆತ, ದೂರು, ಅಧಿಕಾರ, ವಿದ್ಯುತ್ತು: ಐದಕ್ಕೂ ಒಂದೇ ಶಬ್ದ! ಇಂಗ್ಲಿಷು ಎಂತಹ ದರಿದ್ರ ಭಾಷೆ ಎಂದು ಬೈಯಲು ಮನಸ್ಸಾಗುತ್ತದೆ. ಆದರೆ ಮೂಲಕ್ಕೆ ಹೋಗಿ ನೋಡಿ. ಲ್ಯಾಟಿನ್ನಿನಲ್ಲಿ ‘ಕಾರುಸ್’ ಎಂದರೆ ಗಾಡಿ. ಅದರಿಂದ ‘ಕಾರಿಕಾರೆ’ ಎಂಬ ಕ್ರಿಯಾಪದ ಹುಟ್ಟಿತು: ಗಾಡಿಗೆ ಹೊರೆ ಹೇರುವುದು. ಅದು ಫ್ರೆಂಚಿನ ಮೂಲಕ ‘ಚಾರ್ಜ್’ ಆಗಿ ಇಂಗ್ಲಿಷಿಗೆ ಬಂದಿತು. ಬೆಲೆಯೆಂಬುದು ಕೊಳ್ಳುವವನ ಮೇಲಿನ ಹೊರೆ. ದೂರು ಎಂಬುದು ಆಪಾದಿತನ ಮೇಲಿನ ಹೊರೆ. ಅಧಿಕಾರವೆಂಬುದು ಅಧಿಕಾರಿಯ ಹೆಗಲಿನ ಹೊರೆ. ಕೋವಿಗೆ ಮದ್ದನ್ನು ತುಂಬುವುದು ಅದಕ್ಕೆ ಹೊರೆ ಹೇರುವುದು. ಮದ್ದು ತುಂಬಿದ ಹಾಗೆಯೇ ಬ್ಯಾಟರಿಗೆ ವಿದ್ಯುತ್ತನ್ನು ತುಂಬಿದರು. ಆಯುಧವನ್ನು ಸಜ್ಜುಗೊಳಿಸಿ ಎದುರಾಳಿಯ ಮೇಲೆ ಭಾರವೆಲ್ಲ ಹಾಕಿ ನುಗ್ಗುವುದು ದಾಳಿಯಾಯಿತು. ಲಾಠಿಯವರೆಗೆ ಬಂದದ್ದು ಹೀಗೆ.

ಈ ಬುದ್ಧಿ ಇಂಗ್ಲಿಷಿನವರಿಗೆ ಮಾತ್ರ ಬಂದದ್ದೆಂದು ತಿಳಿಯಬಾರದು. ನಾವು ಹೊಣೆಯನ್ನು ‘ಹೊರುತ್ತೇವೆ’, ತಪ್ಪನ್ನು ಇನ್ನೊಬ್ಬರ ಮೇಲೆ ‘ಹೊರಿಸುತ್ತೇವೆ’, ತೆರಿಗೆಯನ್ನು ‘ಹೇರುತ್ತೇವೆ’. ಹೊರುವುದು, ಹೇರುವುದು ಎರಡೂ ಮೂಟೆಯ ಮಾತುಗಳೇ. ಚಾರ್ಜ್‌ಶೀಟಿಗೆ ನಾವು ‘ಆರೋಪಪಟ್ಟಿ’ ಎನ್ನುತ್ತೇವೆ. ‘ಆರೋಪ’ ಎಂಬ ಸಂಸ್ಕೃತ ಶಬ್ದಕ್ಕಾದರೂ ಮೂಲದಲ್ಲಿ ಮೇಲೆ ಏರಿಸುವುದು, ಮೇಲೆ ಇರಿಸುವುದು ಎಂದೇ ಅರ್ಥ. ರೋಮಿನ ಗಾಡಿಯವನೂ ಸಂಸ್ಕೃತದ ಪಂಡಿತನೂ ಕನ್ನಡದ ಹಮಾಲಿಯೂ ಒಬ್ಬರನ್ನೊಬ್ಬರು ಕೇಳದೆ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ ಎಂದಮೇಲೆ, ಇದು ಭಾಷೆಯ ದಾರಿದ್ರ್ಯವಲ್ಲ, ಮನುಷ್ಯನ ಮನಸ್ಸು ನಡೆಯುವ ದಾರಿ ಎಂದು ಒಪ್ಪಬೇಕಾಗುತ್ತದೆ.

‘ಫಾಸ್ಟ್’ ಎಂಬ ಶಬ್ದ ವಿದ್ಯಾರ್ಥಿಗಳನ್ನು ಕಾಡುವಷ್ಟು ಬೇರೊಂದು ಕಾಡದು. ವೇಗವಾದದ್ದು ‘ಫಾಸ್ಟ್’, ಸರಿ. ಆದರೆ ಬಿಗಿಯಾಗಿ ಕಟ್ಟಿ ಅಲುಗಾಡದಂತೆ ಮಾಡಿದ್ದೂ ‘ಫಾಸ್ಟ್’. ತೊಳೆದರೆ ಹೋಗದ ಬಣ್ಣ ‘ಫಾಸ್ಟ್ ಕಲರ್’. ಗಾಢನಿದ್ರೆಯಲ್ಲಿರುವವನು ‘ಫಾಸ್ಟ್ ಅಸ್ಲೀಪ್’. ಏಕಾದಶಿಯ ದಿನ ಅಜ್ಜಿ ಮಾಡುವುದು ‘ಫಾಸ್ಟ್’. ಓಡುವುದೂ ಅಲುಗಾಡದಿರುವುದೂ ಒಂದೇ ಶಬ್ದವಾಗುವುದೆಂತು? ಮೂಲಾರ್ಥ ಗಟ್ಟಿ, ದೃಢ ಎಂಬುದೇ. ದೃಢವಾಗಿ ನಿಂತ ಬಣ್ಣ, ಗಟ್ಟಿಯಾಗಿ ಹಿಡಿದ ನಿದ್ದೆ. ವ್ರತವನ್ನು ಬಿಗಿಯಾಗಿ ಪಾಲಿಸುವುದರಿಂದ ಉಪವಾಸ. ಗಟ್ಟಿಯಾಗಿ, ಬಲವಾಗಿ ಓಡುವುದರಿಂದ ಕೊನೆಗೆ ವೇಗ. ಬಲ ವೇಗವಾದದ್ದು ವಿಚಿತ್ರವೆಂದು ತೋರಿದರೆ ನಮ್ಮ ‘ಜೋರು’ ಏನು ಮಾಡುತ್ತಿದೆ, ನೋಡಿ. ಜೋರು ಎಂದರೆ ಬಲ. ಆದರೆ ‘ಜೋರಾಗಿ ಓಡು’ ಎಂದರೆ ವೇಗವಾಗಿ ಎಂದರ್ಥ, ‘ಜೋರಾಗಿ ಕೂಗು’ ಎಂದರೆ ದನಿಯೇರಿಸಿ ಎಂದರ್ಥ, ‘ಹುಡುಗಿ ಬಲು ಜೋರು’ ಎಂದರೆ ಹೆಣ್ಣು ನೋಡಲು ಬಂದವರು ಎದ್ದುಹೋಗುವ ಅರ್ಥ. ನಮ್ಮ ‘ಗಟ್ಟಿ’ಯೂ ಅಷ್ಟೆ: ಗಟ್ಟಿಯಾದ ಕಾಯಿ, ಗಟ್ಟಿಯಾಗಿ ಓದು, ಗಟ್ಟಿಗ.

ತಪ್ಪಿಗೆ ತೆರುವ ‘ಫೈನ್’, ಸೊಗಸಾದದ್ದು ಎಂಬ ‘ಫೈನ್’ ಇವೂ ಒಂದೇ ಲ್ಯಾಟಿನ್ ಮೂಲದವು. ‘ಫಿನಿಸ್’ ಎಂದರೆ ಕೊನೆ. ವ್ಯಾಜ್ಯವನ್ನು ಕೊನೆಗಾಣಿಸಲು ಕೊಟ್ಟ ಹಣ ಒಂದು; ಕೊನೆಯವರೆಗೆ ಕೆಲಸ ಮಾಡಿ ನಯಗೊಳಿಸಿದ್ದು ಇನ್ನೊಂದು. ನಮ್ಮ ‘ದಂಡ’ ಕೋಲಿನಿಂದ ಹೊರಟು ಶಿಕ್ಷೆಯಾಗಿ, ಶಿಕ್ಷೆಯ ಹಣವಾಗಿ, ‘ಹಣವೆಲ್ಲ ದಂಡವಾಯಿತು’ ಎಂಬಲ್ಲಿ ಬರಿಯ ನಷ್ಟವಾಗಿ ನಿಂತದ್ದನ್ನು ಬಲ್ಲವರಿಗೆ ಇದರಲ್ಲಿ ಬೆರಗೇನೂ ಇಲ್ಲ.

ಹೀಗೆ ಒಂದು ಪದ ಹಲವು ಅರ್ಥಗಳನ್ನು ಹೊರುವ ಗುಣಕ್ಕೆ ಮಿಶೆಲ್ ಬ್ರೆಯಾಲ್ ಎಂಬ ಫ್ರೆಂಚ್ ವಿದ್ವಾಂಸ ೧೮೯೭ರ ತನ್ನ ಗ್ರಂಥದಲ್ಲಿ ‘ಪೋಲಿಸೆಮಿ’ ಎಂಬ ಹೆಸರನ್ನು ಕೊಟ್ಟ. ೧೯೪೫ರಲ್ಲಿ ಅಮೆರಿಕದ ಜಾರ್ಜ್ ಜಿಪ್ಫ್ ಎಂಬಾತ ಪದಗಳನ್ನು ಎಣಿಸಿ ನೋಡಿ, ಬಳಕೆ ಹೆಚ್ಚಿದಷ್ಟೂ ಅರ್ಥಗಳು ಹೆಚ್ಚುತ್ತವೆ ಎಂದು ತೋರಿಸಿದ. ಅವನ ಲೆಕ್ಕದಲ್ಲಿ ಒಂದು ಪದದ ಬಳಕೆ ಇನ್ನೊಂದರದಕ್ಕಿಂತ ನೂರು ಪಟ್ಟಾದರೆ ಅದರ ಅರ್ಥಗಳು ಸುಮಾರು ಹತ್ತು ಪಟ್ಟಾಗುತ್ತವೆ. ಮನೆಯಲ್ಲಿ ಕೈಗೆ ಸಿಕ್ಕುವ ಪಾತ್ರೆಯೇ ಎಲ್ಲ ಕೆಲಸಕ್ಕೂ ಒದಗುವಂತೆ ಇದು.

ಹಾಗಾದರೆ ಕೇಳುವವನಿಗೆ ಅರ್ಥ ಗೊತ್ತಾಗುವುದು ಹೇಗೆ? ಈ ಪ್ರಶ್ನೆ ನಮ್ಮವರಿಗೆ ಹೊಸದಲ್ಲ. ‘ಸೈಂಧವ’ ಎಂದರೆ ಸಿಂಧುದೇಶದ ಉಪ್ಪು, ಸಿಂಧುದೇಶದ ಕುದುರೆ ಎರಡೂ ಹೌದು. ಊಟಕ್ಕೆ ಕುಳಿತವನು ‘ಸೈಂಧವ ತಾ’ ಎಂದರೆ ಆಳು ಉಪ್ಪನ್ನು ತರಬೇಕು. ಪ್ರಯಾಣಕ್ಕೆ ಹೊರಟು ನಿಂತವನು ಅದೇ ಮಾತನ್ನು ಹೇಳಿದರೆ ಕುದುರೆಯನ್ನು ತರಬೇಕು. ಎಲೆಯ ಮುಂದೆ ಕುದುರೆಯನ್ನು ತಂದು ನಿಲ್ಲಿಸಿದ ಆಳು ವ್ಯಾಕರಣದಲ್ಲಿ ತಪ್ಪಿಲ್ಲ, ಬದುಕಿನಲ್ಲಿ ತಪ್ಪಿದ್ದಾನೆ. ಸುಮಾರು ಐದನೆಯ ಶತಮಾನದವನೆಂದು ವಿದ್ವಾಂಸರು ಹೇಳುವ ಭರ್ತೃಹರಿ ತನ್ನ ‘ವಾಕ್ಯಪದೀಯ’ದಲ್ಲಿ, ಹಲವು ಅರ್ಥಗಳ ನಡುವೆ ಒಂದನ್ನು ಆಯ್ದುಕೊಳ್ಳಲು ನೆರವಾಗುವ ಸಂಗತಿಗಳನ್ನೆಲ್ಲ ಪಟ್ಟಿಮಾಡಿದ್ದಾನೆ: ಜೊತೆಗಿರುವ ವಸ್ತು, ಜೊತೆಯಲ್ಲಿಲ್ಲದ ವಸ್ತು, ಸಾಹಚರ್ಯ, ವಿರೋಧ, ಪ್ರಕರಣ, ದೇಶ, ಕಾಲ, ಸ್ವರ ಇತ್ಯಾದಿ. ಇಂಗ್ಲಿಷ್ ಪದಗಳಿಗೆ ಎದುರು ಕನ್ನಡದ ಒಂದೊಂದೇ ಅರ್ಥವನ್ನು ಬರೆದು ಮಕ್ಕಳಿಗೆ ಉರುಹೊಡೆಸುವ ನಮ್ಮ ಪಾಠಕ್ರಮಕ್ಕೆ ಈ ಪಟ್ಟಿಯನ್ನು ಯಾರಾದರೂ ತೋರಿಸಬೇಕು. ‘ಲೆಟ್ ಎಂದರೆ ಬಿಡು’ ಎಂದು ಬರೆದುಕೊಂಡ ಹುಡುಗ ಉಪ್ಪೊಂದನ್ನೇ ಕಲಿತ ಆಳು. ಕುದುರೆಯ ದಿನ ಅವನ ಗತಿಯೇನು?

ಪ್ರಕರಣ ಇದ್ದೂ ಕೈಕೊಡುವ ಸಂದರ್ಭಗಳು ಉಂಟು. ಸಾಲ ‘ಸ್ಯಾಂಕ್ಷನ್’ ಆಯಿತೆಂದರೆ ನಮಗೆ ಹಬ್ಬ. ೧೯೯೦ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ವಿಶ್ವಸಂಸ್ಥೆ ಅದರ ಮೇಲೆ ವಿಧಿಸಿದ್ದೂ ‘ಸ್ಯಾಂಕ್ಷನ್’, ಆದರೆ ಅದು ದಿಗ್ಬಂಧನ. ಇದರಿಂದ ಯಾರೂ ಮೋಸಹೋಗುವುದಿಲ್ಲ. ಮೋಸಹೋಗುವುದು ಇಬ್ಬರೂ ಇಂಗ್ಲಿಷಿನವರೇ ಆಗಿದ್ದಾಗ. ೧೯೪೧ರ ಡಿಸೆಂಬರಿನಲ್ಲಿ ಚರ್ಚಿಲ್ ತನ್ನ ಸೇನಾಧಿಕಾರಿಗಳೊಡನೆ ವಾಷಿಂಗ್ಟನ್ನಿಗೆ ಹೋಗಿದ್ದ. ಬ್ರಿಟಿಷ್ ಅಧಿಕಾರಿಗಳು ಒಂದು ಜರೂರಾದ ಟಿಪ್ಪಣಿಯನ್ನು ಸಿದ್ಧಪಡಿಸಿ ಅದನ್ನು ‘ಟೇಬಲ್’ ಮಾಡಬೇಕೆಂದರು. ಕೂಡದು, ಅದು ಬಹು ಮುಖ್ಯವಾದದ್ದು ಎಂದರು ಅಮೆರಿಕದವರು. ಬ್ರಿಟನ್ನಿನಲ್ಲಿ, ನಮ್ಮ ಸಂಸತ್ತಿನಲ್ಲಿಯೂ, ‘ಟೇಬಲ್’ ಮಾಡುವುದೆಂದರೆ ಚರ್ಚೆಗಾಗಿ ಮುಂದಿಡುವುದು. ಅಮೆರಿಕದಲ್ಲಿ ಚರ್ಚೆಯನ್ನು ಬದಿಗೆ ಸರಿಸಿ ಕಟ್ಟಿಡುವುದು. ದೀರ್ಘವಾದ, ಸಾಕಷ್ಟು ಬಿಸಿಯೇರಿದ ವಾಗ್ವಾದ ನಡೆದ ಮೇಲೆಯೇ ಎರಡು ಪಕ್ಷದವರೂ ಬಯಸುತ್ತಿದ್ದದ್ದು ಒಂದೇ ಎಂದು ತಿಳಿದದ್ದಂತೆ. ಇದನ್ನು ಯುದ್ಧದ ತನ್ನ ಇತಿಹಾಸದಲ್ಲಿ ಚರ್ಚಿಲನೇ ಬರೆದಿಟ್ಟಿದ್ದಾನೆ. ಅಲ್ಲಿ ನಷ್ಟವಾದದ್ದು ಕೆಲವು ಗಂಟೆಗಳ ಹೊತ್ತು ಮಾತ್ರ.

ಎಲ್ಲ ಕಡೆಯೂ ನಷ್ಟ ಇಷ್ಟಕ್ಕೇ ನಿಂತಿಲ್ಲ. ೧೯೫೨ರ ನವೆಂಬರ್ ೨ರ ರಾತ್ರಿ, ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ ಎಂಬಲ್ಲಿ, ಇಬ್ಬರು ಹುಡುಗರು ಕಳ್ಳತನಕ್ಕಾಗಿ ಒಂದು ಗೋದಾಮಿನ ಛಾವಣಿಯನ್ನು ಹತ್ತಿದರು. ಕ್ರಿಸ್ಟಫರ್ ಕ್ರೇಗನಿಗೆ ೧೬ ವರ್ಷ, ಡೆರೆಕ್ ಬೆಂಟ್ಲಿಗೆ ೧೯. ಬೆಂಟ್ಲಿ ವಯಸ್ಸಿನಲ್ಲಿ ದೊಡ್ಡವನಾದರೂ ಬುದ್ಧಿ ಬೆಳೆಯದ ಹುಡುಗ. ಓದು ಬರಹ ಬರುತ್ತಿರಲಿಲ್ಲವೆಂದೇ ಹೇಳಬೇಕು. ಕ್ರೇಗನ ಕೈಯಲ್ಲಿ ರಿವಾಲ್ವರ್ ಇದ್ದಿತು. ಪೊಲೀಸರು ಬಂದರು. ಫೇರ್‌ಫ್ಯಾಕ್ಸ್ ಎಂಬ ಪತ್ತೇದಾರ ಪೇದೆ ಛಾವಣಿಗೆ ಹತ್ತಿ ಬೆಂಟ್ಲಿಯನ್ನು ಹಿಡಿದ. ಆಗ ಬೆಂಟ್ಲಿ ತನ್ನ ಗೆಳೆಯನಿಗೆ ‘ಲೆಟ್ ಹಿಮ್ ಹ್ಯಾವ್ ಇಟ್, ಕ್ರಿಸ್’ ಎಂದು ಕೂಗಿದನೆಂದು ಪೊಲೀಸರು ಬಳಿಕ ಸಾಕ್ಷ್ಯ ನುಡಿದರು. ಕ್ರೇಗ್ ಗುಂಡು ಹಾರಿಸಿದ. ಫೇರ್‌ಫ್ಯಾಕ್ಸನ ಭುಜಕ್ಕೆ ಗಾಯವಾಯಿತು. ಸುಮಾರು ಕಾಲು ಗಂಟೆಯ ಅನಂತರ, ಬೆಂಟ್ಲಿ ಪೊಲೀಸರ ವಶದಲ್ಲಿದ್ದಾಗಲೇ, ಮೆಟ್ಟಿಲ ಬಾಗಿಲಿನಿಂದ ಹೊರಬಂದ ಸಿಡ್ನಿ ಮೈಲ್ಸ್ ಎಂಬ ಪೇದೆ ಕ್ರೇಗನ ಗುಂಡಿಗೆ ಬಲಿಯಾದ.

ಕೊಂದವನು ಕ್ರೇಗ್. ಆದರೆ ಹದಿನೆಂಟು ತುಂಬದವನನ್ನು ಗಲ್ಲಿಗೇರಿಸಲು ಆ ದೇಶದ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಬೆಂಟ್ಲಿ ಕೊಲೆಗೆ ಪ್ರಚೋದಿಸಿದನೇ ಎಂಬುದು ಪ್ರಶ್ನೆಯಾಯಿತು. ಪ್ರಾಸಿಕ್ಯೂಷನ್ನಿನ ಕೈಯಲ್ಲಿದ್ದ ಬಲವಾದ ಸಾಕ್ಷ್ಯವೆಂದರೆ ಆ ನಾಲ್ಕು ಪುಟ್ಟ ಪದಗಳು. ‘ಲೆಟ್’: ಬಿಡು. ‘ಹಿಮ್’: ಅವನು. ‘ಹ್ಯಾವ್’: ಹೊಂದು, ಪಡೆ. ‘ಇಟ್’: ಅದು. ಅವನು ಅದನ್ನು ಪಡೆಯಲಿ. ಯಾವುದನ್ನು? ಇಂಗ್ಲಿಷಿನ ವಾಡಿಕೆಯಲ್ಲಿ ಇದಕ್ಕೆ ‘ಅವನಿಗೆ ಏಟು ಬೀಳಲಿ’, ‘ಹೊಡೆ’, ‘ಸುಡು’ ಎಂಬ ಅರ್ಥ ಪ್ರಸಿದ್ಧವಾಗಿದೆ. ಪ್ರಾಸಿಕ್ಯೂಷನ್ ಹಿಡ್ಡದ್ದು ಅದನ್ನೇ. ಆದರೆ ‘ರಿವಾಲ್ವರನ್ನು ಅವನಿಗೆ ಕೊಟ್ಟುಬಿಡು’ ಎಂಬುದೂ ಅದೇ ವಾಕ್ಯದ ಅರ್ಥ. ಅಕ್ಷರಶಃ ನೋಡಿದರೆ ಅದೇ ಮೊದಲನೆಯ ಅರ್ಥ. ಒಂದು ಅರ್ಥದಲ್ಲಿ ಆ ಹುಡುಗ ಕೊಲೆಗಾರನ ಜೊತೆಗಾರ. ಇನ್ನೊಂದು ಅರ್ಥದಲ್ಲಿ ಕೊಲೆಯನ್ನು ತಪ್ಪಿಸಲು ನೋಡಿದವನು. ನ್ಯಾಯಾಲಯದಲ್ಲಿ ಬೆಂಟ್ಲಿಯೂ ಕ್ರೇಗನೂ ಆ ಮಾತನ್ನು ಆಡಿಯೇ ಇಲ್ಲವೆಂದರು. ಆದುದರಿಂದ ಎರಡನೆಯ ಅರ್ಥವನ್ನು ಜನ ಬಲವಾಗಿ ಎತ್ತಿ ಚರ್ಚಿಸಿದ್ದು ಹೆಚ್ಚಾಗಿ ಆಮೇಲೆ. ಭರ್ತೃಹರಿ ಹೇಳಿದ ದೇಶ ಗೊತ್ತಿತ್ತು, ಕಾಲ ಗೊತ್ತಿತ್ತು, ಪ್ರಕರಣ ಗೊತ್ತಿತ್ತು. ಆ ಮಾತು ಹೊರಟದ್ದೇ ನಿಜವಾದರೆ, ಅದರ ಸ್ವರ ಮಾತ್ರ ಛಾವಣಿಯ ಗಾಳಿಯಲ್ಲಿ ಹೋಗಿತ್ತು.

ಇದನ್ನು ಕನ್ನಡಕ್ಕೆ ಹೇಗೆ ತರಬೇಕೆಂದು ಯೋಚಿಸಿದ್ದೇನೆ. ‘ಹೊಡೆ ಅವನಿಗೆ’ ಎಂದು ಬರೆದ ಅನುವಾದಕ ಹುಡುಗನನ್ನು ಗಲ್ಲಿಗೆ ಕಳುಹಿಸುತ್ತಾನೆ; ‘ಅದನ್ನು ಅವನಿಗೆ ಒಪ್ಪಿಸು’ ಎಂದು ಬರೆದವನು ಬಿಡುಗಡೆ ಮಾಡುತ್ತಾನೆ. ನಿಘಂಟು ನೋಡಿ ಅರ್ಥ ಬರೆಯುವ ನಿರುಪದ್ರವಿಯಾದ ಕೆಲಸ ಇಲ್ಲಿ ನ್ಯಾಯಾಧೀಶನ ಕೆಲಸವಾಗುತ್ತದೆ. ಪುಣ್ಯವಶಾತ್ ನಮ್ಮಲ್ಲಿಯೂ ಅಂತಹುದೇ ಒಂದು ಪುಟ್ಟ ಪದವಿದೆ. ‘ಮೇಷ್ಟರು ಎರಡು ಕೊಟ್ಟರು’ ಎಂದರೆ ಏನನ್ನು ಕೊಟ್ಟರೆಂದು ಯಾವ ತಾಯಿಯೂ ಕೇಳುವುದಿಲ್ಲ. ‘ಕೊಡು ಅವನಿಗೆ, ಕ್ರಿಸ್’ ಎಂದು ಬರೆದರೆ ಎರಡು ಅರ್ಥಗಳೂ ಒಂದಕ್ಕೊಂದು ಅಂಟಿಕೊಂಡೇ ಕನ್ನಡಕ್ಕೆ ಬರುತ್ತವೆ. ಬೇರೆ ಎಷ್ಟು ಭಾಷೆಗಳಿಗೆ ಈ ಭಾಗ್ಯ ಉಂಟೋ!

೧೯೫೨ರ ಡಿಸೆಂಬರ್ ೧೧ರಂದು ಜ್ಯೂರಿ ಇಬ್ಬರನ್ನೂ ಅಪರಾಧಿಗಳೆಂದಿತು. ಬೆಂಟ್ಲಿಯ ವಿಷಯದಲ್ಲಿ ಕರುಣೆ ತೋರಬೇಕೆಂದು ಶಿಫಾರಸನ್ನೂ ಮಾಡಿತು. ಗೃಹಮಂತ್ರಿ ಅದನ್ನು ಒಪ್ಪಲಿಲ್ಲ. ೧೯೫೩ರ ಜನವರಿ ೨೮ರ ಬೆಳಿಗ್ಗೆ ವಾಂಡ್ಸ್‌ವರ್ತ್ ಸೆರೆಮನೆಯಲ್ಲಿ ಬೆಂಟ್ಲಿಯನ್ನು ಗಲ್ಲಿಗೇರಿಸಿದರು. ಗುಂಡು ಹಾರಿಸಿದ ಕ್ರೇಗ್ ೧೯೬೩ರಲ್ಲಿ ಬಿಡುಗಡೆಯಾದ.

ಬೆಂಟ್ಲಿಯ ತಂದೆತಾಯಿಗಳೂ ಸೋದರಿ ಐರಿಸಳೂ ಸುಮ್ಮನಾಗಲಿಲ್ಲ. ದಶಕಗಳ ಕಾಲ ಅರ್ಜಿಗಳು, ಸಭೆಗಳು, ಪತ್ರಗಳು. ಕೊನೆಯಲ್ಲಿ ಭಾಷಾಶಾಸ್ತ್ರವೂ ಅವರ ಕಡೆಗೆ ಬಂದಿತು. ಬೆಂಟ್ಲಿ ತಾನೇ ಹೇಳಿ ಬರೆಸಿದ್ದೆಂದು ಪೊಲೀಸರು ಒಪ್ಪಿಸಿದ್ದ ಹೇಳಿಕೆಯಲ್ಲಿ ಇದ್ದದ್ದು ೫೮೨ ಪದಗಳು. ಮ್ಯಾಲ್ಕಮ್ ಕೂಲ್ಟ್‌ಹಾರ್ಡ್ ಎಂಬ ಪ್ರಾಧ್ಯಾಪಕ ಅದರಲ್ಲಿ ‘ದೆನ್’, ಎಂದರೆ ‘ಆಮೇಲೆ’, ಎಂಬ ಒಂದು ಪುಟ್ಟ ಪದವನ್ನು ಎಣಿಸಿದ: ಹತ್ತು ಸಲ. ಸಾಮಾನ್ಯ ಜನ ‘ಆಮೇಲೆ ನಾನು’ ಎಂದು ಹೇಳುವ ಕಡೆ ಆ ಹೇಳಿಕೆ ‘ನಾನು ಆಮೇಲೆ’ ಎನ್ನುತ್ತಿತ್ತು. ಅದು ಓದುಬರಹವಿಲ್ಲದ ಹುಡುಗನ ನುಡಿಯಲ್ಲ, ಠಾಣೆಯ ದಫ್ತರದ ನುಡಿ ಎಂದು ಅವನು ತೋರಿಸಿದ.

೧೯೯೩ರಲ್ಲಿ ಬೆಂಟ್ಲಿಗೆ ವಿಧಿಸಿದ್ದ ಮರಣದಂಡನೆಗೆ ಮಾತ್ರ ಕ್ಷಮೆ ದೊರೆಯಿತು. ಅಪರಾಧಿಯೆಂಬ ನಿರ್ಣಯ ಹಾಗೆಯೇ ಉಳಿಯಿತು. ೧೯೯೮ರ ಜುಲೈ ೩೦ರಂದು ಮೇಲ್ಮನವಿಯ ನ್ಯಾಯಾಲಯ ಆ ನಿರ್ಣಯವನ್ನೂ ರದ್ದುಮಾಡಿತು. ಅಂದಿನ ನ್ಯಾಯಾಧೀಶ ಗಾಡರ್ಡ್ ಜ್ಯೂರಿಗೆ ಮಾಡಿದ ಉಪದೇಶ, ಆಪಾದಿತನಿಗೆ ಸಲ್ಲಬೇಕಾದ ನ್ಯಾಯವಾದ ವಿಚಾರಣೆಯನ್ನೇ ಇಲ್ಲವಾಗಿಸಿತ್ತು ಎಂಬುದು ಮುಖ್ಯ ಕಾರಣ. ಆ ನಾಲ್ಕು ಪದಗಳನ್ನು ಅವನು ಆಡಿದ್ದನೇ, ಆಡಿದ್ದರೆ ಯಾವ ಅರ್ಥದಲ್ಲಿ ಎಂಬುದು ಇತ್ಯರ್ಥವಾಗಲಿಲ್ಲ. ತೀರ್ಪು ಕೇಳಲು ಐರಿಸ್ ಇರಲಿಲ್ಲ. ಅವಳು ಹಿಂದಿನ ವರ್ಷವೇ ತೀರಿಕೊಂಡಿದ್ದಳು.